ಐದಡಿ ಸಮುದ್ರ: ಮನೆಯಲ್ಲಿ ದೊಡ್ಡ ಉಪ್ಪುನೀರಿನ ಹವಳದ ಟ್ಯಾಂಕ್ ಕಟ್ಟುವ ಬಗೆ

ನಮ್ಮ ಮನೆಗೆ ಬಂದವರು ಟ್ಯಾಂಕ್ ಮುಂದೆ ನಿಂತು ಮೊದಲು ಮೀನಿನ ಹೆಸರು ಕೇಳುತ್ತಾರೆ. ಎರಡನೇ ಪ್ರಶ್ನೆ ಯಾವಾಗಲೂ ಒಂದೇ: "ಈ ನೀರನ್ನ ಮಂಗಳೂರಿಂದ ತರಿಸ್ತೀರಾ?" ಇಲ್ಲ. ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ, ನೀಲಿ ಡ್ರಮ್‌ನಲ್ಲಿ ಕದಡಿ ಮಾಡುತ್ತೇನೆ. ಈ ಹವ್ಯಾಸದಲ್ಲಿ ಮೀನು, ಹವಳ ಎಲ್ಲ ಆಮೇಲಿನ ಮಾತು. ಮೊದಲ ಕೆಲವು ತಿಂಗಳು ನಾವು ಸಾಕುವುದು ನೀರನ್ನು. ಕೈಲಿರುವ ದುಡ್ಡನ್ನು ನೀರಿಗೂ ಕರೆಂಟಿಗೂ ಮೊದಲು ಹಾಕಿದವರ ಟ್ಯಾಂಕ್ ಉಳಿಯುತ್ತದೆ. ಬಣ್ಣದ ಮೀನಿಗೆ ಮೊದಲು ಹಾಕಿದವರ ಟ್ಯಾಂಕ್, ವರ್ಷದೊಳಗೆ ಮಾರಾಟಕ್ಕೆ ಬರುತ್ತದೆ. ನನ್ನ ಮೊದಲ ಟ್ಯಾಂಕ್ ಎರಡನೇ ಪಟ್ಟಿಯಲ್ಲಿತ್ತು.

ಇಲ್ಲಿ ಹೇಳುವುದು 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕಿನ ಲೆಕ್ಕ. ಗಾಜಿನೊಳಗೆ ಸುಮಾರು 540 ಲೀಟರ್. ಅಷ್ಟು ದೊಡ್ಡದು ಯಾಕೆ, ಚಿಕ್ಕದರಲ್ಲಿ ಕಲಿಯಬಾರದಾ ಅಂತ ಕೇಳಬಹುದು. ಉಪ್ಪುನೀರಿನಲ್ಲಿ ಚಿಕ್ಕದೇ ಕಷ್ಟ. 50 ಲೀಟರ್ ನೀರಿನಲ್ಲಿ ಒಂದು ಬಸವನಹುಳು ಸತ್ತರೂ ಸಂಜೆಯೊಳಗೆ ಅಮೋನಿಯಾ ಏರುತ್ತದೆ. 500 ಲೀಟರ್‌ನಲ್ಲಿ ಅದೇ ತಪ್ಪು ಗೊತ್ತೇ ಆಗುವುದಿಲ್ಲ.

ಏನೂ ಕೊಳ್ಳುವ ಮೊದಲು: ಕಾನೂನು

ವಿದೇಶದವರ ವಿಡಿಯೋ ನೋಡಿ ಆಸೆಪಟ್ಟವರಿಗೆ ಇದು ಬೇಸರದ ಸುದ್ದಿ. ಭಾರತದಲ್ಲಿ ಕಲ್ಲಿನಂಥ ಗೂಡು ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅಂದರೆ ಹುಲಿ, ಆನೆ ಇರುವ ಪಟ್ಟಿಯಲ್ಲೇ. 2001ರಲ್ಲಿ ಸೇರಿಸಿದರು. ಸೀ ಫ್ಯಾನ್, ಕಪ್ಪು ಹವಳ, ಬೆಂಕಿ ಹವಳ, ಕೆಂಪು ಕೊಳವೆಗಳ ಆರ್ಗನ್ ಪೈಪ್ ಹವಳ, ಸಮುದ್ರ ಸೌತೆ, ಕಡಲ್ಗುದುರೆ, ಅದರ ದಾಯಾದಿ ಪೈಪ್ ಫಿಶ್, ಎಲ್ಲಕ್ಕೂ ಅದೇ ಕಾಯ್ದೆಯ ರಕ್ಷಣೆ. ಒಂದನೇ ಅನುಸೂಚಿಯ ಜೀವಿಯ ಜೊತೆ ಸಿಕ್ಕಿಬಿದ್ದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಜೈಲು. ಸತ್ತ ಹವಳಕ್ಕೂ ಇದೇ ಕಾನೂನು. ಶೋಕೇಸ್‌ಗೆ ಅಂತ ಮಾರುವ ಬಿಳಿ ಹವಳದ ಗೊಂಚಲು, "ಲೈವ್ ರಾಕ್" ಹೆಸರಿನಲ್ಲಿ ಬರುವ ಹವಳದ ಬಂಡೆ, ಎರಡನ್ನೂ ಮುಟ್ಟಬೇಡಿ. "ಎಲ್ಲರೂ ಇಟ್ಕೊಂಡಿದಾರೆ ಸಾರ್" ಅನ್ನುವ ಅಂಗಡಿಯವನು ನಿಮ್ಮ ಜೊತೆ ಕೋರ್ಟಿಗೆ ಬರುವುದಿಲ್ಲ.

ದುಬೈನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೆ ನಿಯಮ ಬೇರೆ. ಅಲ್ಲಿ ಸಾಕಿ ತುಂಡು ಮಾಡಿ ಮಾರುವ ಗಟ್ಟಿ ಹವಳ ಸಿಗುತ್ತದೆ. ಆದರೆ ಹಬ್ಬಕ್ಕೆ ಊರಿಗೆ ಬರುವಾಗ ಒಂದು ತುಂಡನ್ನೂ ಬ್ಯಾಗಿನಲ್ಲಿ ತರಬೇಡಿ.

ಹಾಗಾದರೆ ನಮಗೆ ಉಳಿಯುವುದು ಏನು? ಮೆದು ಹವಳಗಳು. ಲೆದರ್, ಮಶ್ರೂಮ್, ಜೋಆಂಥಿಡ್, ಜೀನಿಯಾ. ನಿಜ ಹೇಳಬೇಕೆಂದರೆ ಇವೇ ಚೆಂದ. ಗಟ್ಟಿ ಹವಳ ಕಲ್ಲಿನ ಹಾಗೆ ನಿಂತಿರುತ್ತದೆ. ಮೆದು ಹವಳ ಗಾಳಿಗೆ ಭತ್ತದ ಪೈರು ತೂಗುವ ಹಾಗೆ ತೂಗುತ್ತದೆ. ತಪ್ಪನ್ನೂ ಜಾಸ್ತಿ ಕ್ಷಮಿಸುತ್ತದೆ. ಕೊಳ್ಳುವಾಗ ರಸೀದಿಯಲ್ಲಿ ಜಾತಿಯ ಹೆಸರು ಬರೆಸಿಕೊಳ್ಳಿ.

ಜಾಗ ಮತ್ತು ಭಾರ

ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಅದರೊಳಗೆ ಕೂರುವ ಇನ್ನೊಂದು ತೊಟ್ಟಿ, ಎಲ್ಲ ಸೇರಿ ಹತ್ತಿರ ಹತ್ತಿರ 900 ಕೆಜಿ. ಹತ್ತು ಚದರಡಿ ಜಾಗದಲ್ಲಿ ಹನ್ನೆರಡು ಹದಿಮೂರು ಜನ ವರ್ಷಗಟ್ಟಲೆ ನಿಂತ ಹಾಗೆ. ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆಜಿ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಆ ಭಾರ ಇಡೀ ಕೋಣೆಗೆ ಹಂಚಿಹೋಗುತ್ತದೆ ನಿಜ, ಆದರೂ ನೆಲ ಮಹಡಿ ಅಲ್ಲದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಮನೆಯ ನಕ್ಷೆ ತೋರಿಸಿ. ಸುಮ್ನೆ ಮೇಸ್ತ್ರಿ ತಲೆಯಾಡಿಸಿದ್ದು ಸಾಲದು. ಗೋಡೆಗೆ ಒತ್ತಿ, ಕೆಳಗೆ ಬೀಮ್ ಹಾದುಹೋಗುವ ಕಡೆ ಇಡುವುದು ಒಳ್ಳೆಯದು.

ಕಿಟಕಿಯ ಬಿಸಿಲು ಬೀಳುವ ಜಾಗ ಬೇಡ. ಪಾಚಿಯೂ ಹೆಚ್ಚುತ್ತದೆ, ನೀರೂ ಬಿಸಿಯಾಗುತ್ತದೆ. ಅಡುಗೆಮನೆ, ದೇವರ ಮನೆಯ ಪಕ್ಕವೂ ಬೇಡ. ಒಗ್ಗರಣೆಯ ಎಣ್ಣೆ ಹೊಗೆ, ಅಗರಬತ್ತಿ ಹೊಗೆ ನೀರಿನ ಮೇಲೆ ಪೊರೆಯಾಗಿ ಕೂರುತ್ತದೆ. ಎಲ್ಲಕ್ಕಿಂತ ಅಪಾಯ ಸೊಳ್ಳೆ ಔಷಧಿ. ಸೊಳ್ಳೆ, ಜಿರಲೆ ಕೊಲ್ಲುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಸಿಗಡಿ, ಏಡಿಗಳಿಗೂ ವಿಷವೇ. ರಸ್ತೆಯಲ್ಲಿ ಫಾಗಿಂಗ್ ಗಾಡಿಯ ಸದ್ದು ಕೇಳಿದರೆ ನಾನು ಮೊದಲು ಕಿಟಕಿ ಮುಚ್ಚುತ್ತೇನೆ, ಆಮೇಲೆ ಗಾಳಿ ಎಳೆದು ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಆಫ್ ಮಾಡುತ್ತೇನೆ.

ಗಾಜು 12 ಮಿಲಿಮೀಟರ್, ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ. ಪಟ್ಟಿ ಬೇಡ, ಮೇಲೆ ಪೂರ್ತಿ ತೆರೆದಿರಲಿ ಅಂದರೆ 15 ಮಿಲಿಮೀಟರ್. ಸ್ಟ್ಯಾಂಡ್ ಕಬ್ಬಿಣದ್ದಾದರೆ ಪೌಡರ್ ಕೋಟಿಂಗ್ ಮಾಡಿಸಿ. ಉಪ್ಪುನೀರಿನ ಹನಿ ಬಿದ್ದ ಕಡೆ ಆರು ತಿಂಗಳಲ್ಲೇ ತುಕ್ಕು ಕಾಣುತ್ತದೆ. ಗಾರೆಯವರ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಸಮ ಇದೆಯಾ ನೋಡಿ. ಗೋಡೆಗೂ ಟ್ಯಾಂಕಿಗೂ ನಡುವೆ ಒಂದು ಗೇಣು ಜಾಗ ಬಿಡಿ. ಕೈ ಹೋಗದ ಕಡೆಯೇ ಪೈಪ್ ಸೋರುವುದು.

ಸಂಪ್, ಮತ್ತು ಕೆಳಗಿನ ಮನೆಯವರ ಸೀಲಿಂಗ್

ಇಲ್ಲಿ ಸಂಪ್ ಅಂದರೆ ಕಾವೇರಿ ನೀರು ತುಂಬುವ ನೆಲದಡಿಯ ತೊಟ್ಟಿ ಅಲ್ಲ. ಸ್ಟ್ಯಾಂಡಿನ ಒಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ಟ್ಯಾಂಕಿನ ಅಂಚಿನಿಂದ ನೀರು ಪೈಪಿನಲ್ಲಿ ಇದಕ್ಕೆ ಇಳಿಯುತ್ತದೆ. ಇಲ್ಲಿ ಸ್ಕಿಮ್ಮರ್ ನೊರೆ ಎಬ್ಬಿಸಿ ಕೊಳೆ ತೆಗೆಯುತ್ತದೆ, ಹೀಟರ್ ಅಡಗಿ ಕೂರುತ್ತದೆ, ಪಂಪ್ ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಗಂಟೆಗೆ 2500ರಿಂದ 3000 ಲೀಟರ್ ಮೇಲೆ ಹತ್ತಿದರೆ ಸಾಕು. ಪಂಪಿನ ಡಬ್ಬದ ಮೇಲೆ ಬರೆದ ಅಂಕಿ ಎತ್ತರಕ್ಕೆ ಹತ್ತುವಾಗ ಇಳಿಯುತ್ತದೆ, ಹಾಗಾಗಿ ಒಂದು ಸೈಜ್ ದೊಡ್ಡದೇ ಕೊಳ್ಳಿ.

ಇಳಿಯುವ ಪೈಪ್ ಒಂದೇ ಇದ್ದರೆ ಒಂದು ಬಸವನಹುಳು ಅಡ್ಡ ಕೂತರೂ ಹಾಲ್ ತುಂಬ ನೀರು. ಎರಡು ಪೈಪ್ ಬೇಕೇ ಬೇಕು. ಎರಡನೆಯದು ಸ್ವಲ್ಪ ಎತ್ತರದಲ್ಲಿ, ಖಾಲಿ ಇರಲಿ. ನೀರು ಅದರೊಳಗೆ ಬಿದ್ದ ಸದ್ದಾದರೆ ಮೊದಲನೆಯದು ಕಟ್ಟಿದೆ ಅಂತ ಅರ್ಥ.

ಇನ್ನು ಕರೆಂಟ್ ಹೋದಾಗ ಏನಾಗುತ್ತದೆ ನೋಡಿ. ಪಂಪ್ ನಿಲ್ಲುತ್ತದೆ. ಆದರೆ ಮೇಲಕ್ಕೆ ಹೋಗುವ ಪೈಪಿನ ಬಾಯಿ ನೀರಿನೊಳಗಿದ್ದರೆ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿಯುತ್ತದೆ. ನಮ್ಮ ಟ್ಯಾಂಕಿನಲ್ಲಿ ಮೇಲಿನ ಒಂದು ಇಂಚು ನೀರು ಅಂದರೆ 22 ಲೀಟರ್‌ಗೂ ಜಾಸ್ತಿ. ನನ್ನ ಮೊದಲ ಟ್ಯಾಂಕಿನಲ್ಲಿ ಆ ಬಾಯಿ ನಾಲ್ಕು ಇಂಚು ಆಳದಲ್ಲಿತ್ತು. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಬೆಳಿಗ್ಗೆ ಬಾಗಿಲು ತಟ್ಟಿದ್ದು ಕೆಳಗಿನ ಮನೆಯ ಆಂಟಿ. "ನಿಮ್ಮನೆ ನೀರು ಉಪ್ಪಾಗಿದೆಯಲ್ಲಪ್ಪ" ಅಂದರು. ಸೀಲಿಂಗ್‌ಗೆ ಬಣ್ಣ ಹೊಡೆಸಿಕೊಟ್ಟೆ.

ಆದ್ದರಿಂದ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಮಾತ್ರ ಕೆಳಗಿರಲಿ. ಮೀನು ಹಾಕುವ ಮೊದಲೇ, ಹಗಲಿನಲ್ಲಿ, ಬಟ್ಟೆ ಬಕೆಟ್ ಇಟ್ಟುಕೊಂಡು ಹತ್ತು ಸಲ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಕೆಳಗಿಳಿದ ನೀರೆಲ್ಲ ಸಂಪಿನಲ್ಲಿ ಹಿಡಿಯಬೇಕು. ಎಲ್ಲಿಯವರೆಗೆ ಹಿಡಿಯುತ್ತದೆಯೋ ಅಲ್ಲಿ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಪಂಪ್ ಓಡುವಾಗ ಸಂಪಿನ ನೀರು ಯಾವ ಮಟ್ಟ ದಾಟಬಾರದು ಅಂತ ಇನ್ನೊಂದು ಗೆರೆ.

ಕರೆಂಟ್

ಉಪ್ಪುನೀರು, ಒದ್ದೆ ಕೈ, 230 ವೋಲ್ಟ್. ಈ ಮೂರು ಒಟ್ಟಿಗೆ ಇರುವ ಕಡೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಒಂದು ಪ್ಲಗ್ ಕೂಡ ಹಾಕಬೇಡಿ. ಪ್ಲಗ್ ಪಾಯಿಂಟ್ ಪಕ್ಕದ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲಿರಲಿ. ಪ್ರತಿ ವೈರನ್ನೂ ಪ್ಲಗ್‌ಗಿಂತ ಕೆಳಕ್ಕೆ ಜೋತಾಡಿಸಿ ಆಮೇಲೆ ಮೇಲೆತ್ತಿ. ವೈರ್ ಮೇಲೆ ಹರಿದ ಹನಿ ಆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ತಲುಪುವುದಿಲ್ಲ. ನೀರಿಗೆ ಕೈ ಹಾಕುವಾಗ ಹೀಟರ್, ಪಂಪ್ ಆಫ್.

ಪವರ್ ಕಟ್‌ನಲ್ಲಿ ಮೀನನ್ನು ಮೊದಲು ಕೊಲ್ಲುವುದು ಬಿಸಿಯೂ ಅಲ್ಲ, ಕತ್ತಲೂ ಅಲ್ಲ. ಉಸಿರು. ನೀರು ಅಲುಗಾಡದಿದ್ದರೆ ಆಮ್ಲಜನಕ ಒಳಗೆ ಸೇರುವುದಿಲ್ಲ. ಆದ್ದರಿಂದ ಮನೆಯ ಇನ್ವರ್ಟರ್‌ಗೆ ಇಡೀ ಟ್ಯಾಂಕ್ ಹಚ್ಚಬೇಡಿ, ನೀರಿನಲ್ಲಿ ಅಲೆ ಎಬ್ಬಿಸುವ ಒಂದು ವೇವ್‌ಮೇಕರ್ ಹಚ್ಚಿ. 10ರಿಂದ 20 ವ್ಯಾಟ್ ಎಳೆಯುತ್ತದೆ ಅಷ್ಟೆ, ಬ್ಯಾಟರಿ ರಾತ್ರಿಯಿಡೀ ಬರುತ್ತದೆ. ಇನ್ವರ್ಟರ್ ಸೈನ್ ವೇವ್ ಆಗಿರಲಿ.

ಬಿಲ್ಲಿನ ಲೆಕ್ಕವನ್ನೂ ಮೊದಲೇ ಮನೆಯವರಿಗೆ ಹೇಳಿಬಿಡಿ. 200 ವ್ಯಾಟ್ ಲೈಟ್ 8 ಗಂಟೆ, 100 ವ್ಯಾಟ್‌ನಷ್ಟು ಪಂಪ್‌ಗಳು 24 ಗಂಟೆ, ಅಲ್ಲಿಗೇ ದಿನಕ್ಕೆ 4 ಯೂನಿಟ್. ಬೇಸಿಗೆಯಲ್ಲಿ ನೀರು ತಂಪು ಮಾಡುವ ಚಿಲ್ಲರ್ ಓಡಿದರೆ ಇನ್ನೂ ಮೇಲೆ.

ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿಗೆ ಹೀಟರ್, ಏಪ್ರಿಲ್ ಮಧ್ಯಾಹ್ನಕ್ಕೆ ತಂಪು, ಎರಡೂ ಬೇಕು. 300 ವ್ಯಾಟ್‌ನ ಒಂದು ಹೀಟರ್ ಬದಲು 150 ವ್ಯಾಟ್‌ನ ಎರಡು ಹಾಕಿ. ಒಂದು ಕೆಟ್ಟು ಆನ್ ಆಗಿಯೇ ಉಳಿದರೂ ಮೀನು ಸಾರಾಗುವುದಿಲ್ಲ. ತಂಪಿಗೆ ನೀರಿನ ಮೇಲೆ ಗಾಳಿ ಊದುವ ಫ್ಯಾನ್ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಎರಡು ಮೂರು ಡಿಗ್ರಿ ಇಳಿಸುತ್ತದೆ. ಮಂಗಳೂರು, ಕಾರವಾರದವರಿಗೆ ಆ ಭಾಗ್ಯವಿಲ್ಲ. ಒಗೆದ ಬಟ್ಟೆಯೇ ಒಣಗದ ಗಾಳಿಯಲ್ಲಿ ಫ್ಯಾನ್ ಏನು ಮಾಡೀತು? ಅಲ್ಲಿ ನೇರ ಚಿಲ್ಲರ್ರೇ.

ನೀರು ಮಾಡುವುದು

ಕರಾವಳಿಯವರಿಗೆ ಅನ್ನಿಸುತ್ತದೆ, ಸಮುದ್ರ ಪಕ್ಕದಲ್ಲೇ ಇದೆಯಲ್ಲ ಅಂತ. ದಡದ ನೀರು ಬೇಡ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ತುಂಬಿ ಬಂದಾಗ ದಡದಲ್ಲಿ ಉಪ್ಪಿನ ಅಂಶ ಬಿದ್ದುಹೋಗುತ್ತದೆ. ಜೊತೆಗೆ ಕೆಸರು, ಬೋಟಿನ ಡೀಸೆಲ್, ಊರ ಚರಂಡಿ. ತಳದಲ್ಲಿ ಹವಳವಿರುವ ನೇತ್ರಾಣಿಯ ತಿಳಿನೀರೇ ಬೇರೆ, ಬಂದರಿನ ಪಕ್ಕದ ನೀರೇ ಬೇರೆ.

ಮನೆಯಲ್ಲೇ ಮಾಡೋಣ. ಮೊದಲು ಶುದ್ಧ ನೀರು. ಬೋರ್‌ವೆಲ್, ಟ್ಯಾಂಕರ್, ಕಾವೇರಿ, ಯಾವುದೇ ಆಗಲಿ, ಕಾರ್ಬನ್, ಆರ್‌ಒ, ಕೊನೆಗೆ ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳ ದಾಟಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ಸೊನ್ನೆ ತೋರಿಸಬೇಕು. ಅಡುಗೆಮನೆಯ ಕುಡಿಯುವ ನೀರಿನ ಆರ್‌ಒ ನಡೆಯುವುದಿಲ್ಲ. ಅದು ರುಚಿಗೆ ಅಂತ ಖನಿಜ ಮತ್ತೆ ಬೆರೆಸುತ್ತದೆ. ಈಗಂತೂ "ತಾಮ್ರದ ಗುಣ" ಸೇರಿಸುವ ಮಾದರಿಗಳು ಮನೆಮನೆಯಲ್ಲಿವೆ. ನಮಗೆ ತಾಮ್ರ ಒಳ್ಳೆಯದೋ ಏನೋ, ಸಿಗಡಿ, ಬಸವನಹುಳು, ಹವಳಕ್ಕೆ ಅದು ನೇರ ವಿಷ. ಹಿತ್ತಾಳೆ ನಲ್ಲಿ, ತಾಮ್ರದ ಹಂಡೆ, ಬಿಂದಿಗೆ ಯಾವುದೂ ಈ ನೀರಿನ ದಾರಿಯಲ್ಲಿ ಬರಬಾರದು.

ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಹೋಗುತ್ತದೆ. ಸಂಪ್ ಸೇರಿ 600 ಲೀಟರ್ ತುಂಬಲು 1800 ಲೀಟರ್ ಚರಂಡಿಗೆ. 2024ರ ಬೇಸಿಗೆ ನೋಡಿದ ಊರಿನಲ್ಲಿ ಅದು ಪಾಪ. ಆ ಪೈಪನ್ನು ಇನ್ನೊಂದು ಡ್ರಮ್‌ಗೆ ಬಿಡಿ. ಪಾತ್ರೆ ತೊಳೆಯಲು, ನೆಲ ಒರೆಸಲು, ಬಚ್ಚಲಿಗೆ ಧಾರಾಳ ಆಗುತ್ತದೆ. ಗಿಡಗಳಿಗೆ ಮಾತ್ರ ಹುಷಾರು, ಬೋರ್‌ವೆಲ್ ನೀರಾದರೆ ಉಳಿದ ನೀರಿನಲ್ಲಿ ಲವಣ ಜಾಸ್ತಿ.

ಆಮೇಲೆ ಉಪ್ಪು. ಅಡುಗೆ ಉಪ್ಪಲ್ಲ, ಕಲ್ಲುಪ್ಪೂ ಅಲ್ಲ. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್, ಪೊಟ್ಯಾಸಿಯಂ ಎಲ್ಲ ಒಂದು ಅಳತೆಯಲ್ಲಿವೆ. ಅಕ್ವೇರಿಯಂಗೆ ಅಂತಲೇ ಮಾಡಿದ ರೀಫ್ ಸಾಲ್ಟ್ ಬೇಕು. ಲೀಟರ್‌ಗೆ ಹತ್ತಿರ ಹತ್ತಿರ 38 ಗ್ರಾಂ ಹಿಡಿಯುತ್ತದೆ. 600 ಲೀಟರ್‌ಗೆ 23 ಕೆಜಿ. ಮೊದಲು ನೀರು, ಅದಕ್ಕೆ ಉಪ್ಪು. ತಿರುಗಾಮುರುಗಾ ಮಾಡಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ. ಡ್ರಮ್‌ನಲ್ಲಿ ಒಂದು ಪಂಪ್ ಬಿಟ್ಟು ಒಂದು ದಿನ ತಿರುಗಿಸಿ. ಡ್ರಮ್ ಹೊಸದಾಗಿರಲಿ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್‌ನಲ್ಲಿ ಮೊದಲು ಯಾವ ಕೆಮಿಕಲ್ ಇತ್ತೋ ಯಾರಿಗೆ ಗೊತ್ತು.

ನೀರಿನ ಉಪ್ಪನ್ನು ಅಳೆಯಲು ರಿಫ್ರ್ಯಾಕ್ಟೋಮೀಟರ್ ಅನ್ನುವ ಮೀಟರ್. ಸಾವಿರಕ್ಕೆ 35 ಭಾಗ, ಅಂದರೆ 1.026 ಸಾಂದ್ರತೆ. ಮೀಟರನ್ನು ಬರೀ ನೀರಿನಿಂದ ಹೊಂದಿಸಬೇಡಿ, 35ರ ದ್ರಾವಣದ ಚಿಕ್ಕ ಸೀಸೆ ಸಿಗುತ್ತದೆ, ಅದರಿಂದ ಹೊಂದಿಸಿ.

ದಿನವೂ ನಾಲ್ಕೈದು ಲೀಟರ್ ಆವಿಯಾಗುತ್ತದೆ, ಫ್ಯಾನ್ ಓಡಿದರೆ ಇನ್ನೂ ಜಾಸ್ತಿ. ಕುಮಟಾ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರ ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ತುಂಬಿಸುವುದು ಸಿಹಿನೀರಿನಿಂದ ಮಾತ್ರ. ಮಟ್ಟ ಇಳಿದ ಕೂಡಲೇ ತಾನೇ ತುಂಬುವ ಆಟೋ ಟಾಪ್-ಆಫ್ ಹಾಕಿಸಿ. ಬೇರೆ ಯಾವ ಗ್ಯಾಜೆಟ್ ಬಿಟ್ಟರೂ ಇದನ್ನು ಬಿಡಬೇಡಿ.

ಕಲ್ಲು, ಮರಳು

ಹವಳದ್ದಲ್ಲದ, ತೂತುತೂತಾದ ಕೃತಕ ಕಲ್ಲು, ಇಲ್ಲವೇ ಸಿರಾಮಿಕ್ ಕಲ್ಲು, ಒಟ್ಟು 35ರಿಂದ 40 ಕೆಜಿ. ಸಿಮೆಂಟಿನಲ್ಲಿ ಮನೆಯಲ್ಲೇ ಎರಕ ಹೊಯ್ದುಕೊಳ್ಳುವವರೂ ಇದ್ದಾರೆ. ಹಾಗೆ ಮಾಡಿದರೆ ವಾರಗಟ್ಟಲೆ ನೀರು ಬದಲಿಸುತ್ತ ನೆನೆಸಬೇಕು, ಪಿಎಚ್ ಏರುವುದು ನಿಲ್ಲುವವರೆಗೆ. ಕಲ್ಲನ್ನು ಮೊದಲು ಇಡಿ, ಮರಳು ಆಮೇಲೆ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಗೋಬಿ ಮೀನು ಅಡಿಪಾಯವನ್ನೇ ಕೆರೆದು ಬೀಳಿಸುತ್ತದೆ. ಗೋಡೆ ಕಟ್ಟಿದ ಹಾಗೆ ಒತ್ತಾಗಿ ಪೇರಿಸಬೇಡಿ. ಎರಡು ಗುಡ್ಡ, ನಡುವೆ ಕಣಿವೆ, ಹಿಂದೆ ನೀರು ಓಡಾಡಲು ದಾರಿ.

ಮರಳು ಸುಣ್ಣದಂಶದ ಅರಗನೈಟ್, ಒಂದು ಇಂಚು ದಪ್ಪ. ಹೊಳೆ ಮರಳು, ಎಂ-ಸ್ಯಾಂಡ್ ಬೇಡ.

ಹೆಪ್ಪು ಹಾಕುವ ತಿಂಗಳು

ಮೀನಿನ ಮಲಮೂತ್ರದಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆ ನೈಟ್ರೇಟ್. ಮೊದಲೆರಡು ವಿಷ, ಮೂರನೆಯದು ಅಷ್ಟಿಲ್ಲ. ಈ ಬ್ಯಾಕ್ಟೀರಿಯಾ ಕಲ್ಲಿನ ತೂತುಗಳಲ್ಲಿ ನೆಲೆಸಬೇಕು. ಮೊಸರಿಗೆ ಹೆಪ್ಪು ಹಾಕಿ ಕಾಯುವ ಹಾಗೆಯೇ. ಪಾತ್ರೆ ಅಲ್ಲಾಡಿಸಿದರೆ ಬೇಗ ಆಗುವುದಿಲ್ಲ.

ಇದಕ್ಕಾಗಿ ಜೀವಂತ ಮೀನು ಬಿಟ್ಟು ನರಳಿಸುವ ಹಳೇ ಪದ್ಧತಿ ಬಿಡಿ. ಅಮೋನಿಯಂ ಕ್ಲೋರೈಡ್ ಹಾಕಿ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ ಇದೇ, ಆದರೆ ನಮಗೆ ಲ್ಯಾಬ್‌ನ ಶುದ್ಧ ಪುಡಿ ಬೇಕು. 600 ಲೀಟರ್‌ಗೆ 4 ಗ್ರಾಂ ಹಾಕಿದರೆ ಲೀಟರ್‌ಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ. ಜೊತೆಗೆ ಬಾಟಲಿಯ ಬ್ಯಾಕ್ಟೀರಿಯಾ ಹಾಕಬಹುದು. ಲೈಟ್ ಆಫ್, ಪಂಪ್ ಆನ್. ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಲ್ಲಿ ನೋಡಿ ಬರೆದಿಡಿ. ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಮತ್ತೆ 4 ಗ್ರಾಂ ಹಾಕಿದಾಗ ಒಂದೇ ದಿನದಲ್ಲಿ ಎರಡೂ ಸೊನ್ನೆಯಾದರೆ ಹೆಪ್ಪು ಕೂತಿತು ಅಂತ ಲೆಕ್ಕ. ನಾಲ್ಕರಿಂದ ಆರು ವಾರ. ಕಾಲು ಭಾಗ ನೀರು ಬದಲಿಸಿ.

ಲೈಟ್ ಹಾಕಿದ ಮೇಲೆ ಟ್ಯಾಂಕ್ ಕೊಳಕಾಗುತ್ತದೆ. ಆಗಲೇಬೇಕು. ಮೊದಲು ಕಂದು ಪುಡಿ, ಆಮೇಲೆ ಹಸಿರು ಕೂದಲು, ಕೆಲವರಿಗೆ ಕೆಂಪು ಲೋಳೆ. ನೆಂಟರು ಮೂಗು ಮುರಿಯುತ್ತಾರೆ. ಔಷಧಿ ಸುರಿಯಬೇಡಿ. ಹದಿನೈದು ಇಪ್ಪತ್ತು ಟರ್ಬೊ, ಸೆರಿತ್ ಬಸವನಹುಳು ಬಿಡಿ, ಕೈಯಲ್ಲಿ ಕಿತ್ತು ತೆಗೆಯಿರಿ, ವಾರಕ್ಕೆ 60 ಲೀಟರ್ ಬದಲಿಸಿ. ನಾಲ್ಕೈದು ತಿಂಗಳಿಗೆ ಕಲ್ಲಿನ ಮೇಲೆ ನೇರಳೆ ಬಣ್ಣದ ಸುಣ್ಣದ ಪಾಚಿ ಚುಕ್ಕೆ ಚುಕ್ಕೆಯಾಗಿ ಕಾಣಿಸುತ್ತದೆ. ಅದು ಕಂಡ ದಿನ ನಾನು ಮನೆಯವರಿಗೆಲ್ಲ ಕರೆದು ತೋರಿಸಿದೆ. ಯಾರಿಗೂ ಏನೂ ಅನ್ನಿಸಲಿಲ್ಲ.

ಮೀನು: ಯಾವುದು ಮೊದಲು, ಯಾವುದು ಕೊನೆಗೆ

ಪ್ರತಿ ಮೀನೂ ಬೇರೆ ಚಿಕ್ಕ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಕಳೆದೇ ದೊಡ್ಡದಕ್ಕೆ ಬರಬೇಕು. 80 ಲೀಟರ್ ತೊಟ್ಟಿ, ಒಂದು ಸ್ಪಾಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು, ಇಷ್ಟೇ ಸಾಕು. ಈ ಒಂದು ಹೆಜ್ಜೆ ಬಿಟ್ಟಿದ್ದಕ್ಕೆ ನಾನು ಹನ್ನೊಂದು ಮೀನು ಕಳೆದುಕೊಂಡೆ. ಒಂದು ಅಂಗಡಿಯಿಂದ ತಂದ ಟ್ಯಾಂಗ್ ಅನ್ನುವ ಮೀನಿನ ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆ ಇತ್ತು. ಮರೀನ್ ಇಕ್ ಅನ್ನುವ ಪರಜೀವಿ. ಅದಕ್ಕೆ ಔಷಧಿ ತಾಮ್ರ. ಹವಳವಿರುವ ಟ್ಯಾಂಕಿಗೆ ತಾಮ್ರ ಹಾಕುವ ಹಾಗಿಲ್ಲ, ಕಲ್ಲು ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಉಳಿದ ಮೀನನ್ನೆಲ್ಲ ಹೊರಗೆ ತೆಗೆದು, ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಟ್ಟೆ. ಅಂಟಿಕೊಳ್ಳಲು ಮೀನು ಸಿಗದೆ ಪರಜೀವಿ ಸಾಯುತ್ತದೆ. ಅಷ್ಟು ದಿನ ಖಾಲಿ ನೀರಿನ ಮುಂದೆ ಕಾಫಿ ಕುಡಿದೆ.

ಅಂಗಡಿಯಲ್ಲಿ ಮೀನಿಗೆ ನಿಮ್ಮೆದುರೇ ಆಹಾರ ಹಾಕಿಸಿ. ತಿನ್ನದ ಮೀನು ಎಷ್ಟೇ ಚೆಂದವಿದ್ದರೂ ಬೇಡ. ಅವರ ನೀರಿನ ಉಪ್ಪನ್ನೂ ಕೇಳಿ. ಕೆಲವರು ಪರಜೀವಿ ಅಡಗಲಿ ಅಂತ ಕಡಿಮೆ ಉಪ್ಪಿನಲ್ಲಿ ಇಟ್ಟಿರುತ್ತಾರೆ. ಹಾಗಿದ್ದರೆ ಚಿಕ್ಕ ತೊಟ್ಟಿಯನ್ನು ಅದೇ ಮಟ್ಟಕ್ಕೆ ತಂದು, ದಿನ ದಿನ ನಿಧಾನವಾಗಿ ಏರಿಸಿ.

ಮೊದಲಿಗೆ ಒಂದು ಜೋಡಿ ಕ್ಲೌನ್ ಮೀನು. ಸಾಕಿ ಮಾಡಿಸಿದ ಮರಿಗಳೇ ಕೊಳ್ಳಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಎಲ್ಲ ಕ್ಲೌನ್‌ಗಳೂ ಹುಟ್ಟುವಾಗ ಗಂಡಾಗುವ ದಾರಿಯಲ್ಲೇ ಇರುತ್ತವೆ. ಗುಂಪಿನ ಯಜಮಾನಿ ಸತ್ತರೆ ಗಂಡನೇ ಹೆಣ್ಣಾಗುತ್ತಾನೆ. ಅದಕ್ಕೇ ದೊಡ್ಡದು ಚಿಕ್ಕದು ತಂದರೆ ಜಗಳವಿಲ್ಲದೆ ಜೋಡಿ ಆಗುತ್ತವೆ. ಜೊತೆಗೆ ಕ್ಲೌನ್‌ಗಳು ಮನೆ ಮಾಡಿಕೊಳ್ಳುವ, ಹೂವಿನಂತೆ ಕಾಣುವ ಅನೆಮನಿ ಬೇಕೇ ಬೇಕು ಅಂದುಕೊಳ್ಳಬೇಡಿ. ಅನೆಮನಿ ನಡೆದಾಡುವ ಪ್ರಾಣಿ. ಹೊಸ ಟ್ಯಾಂಕಿನಲ್ಲಿ ಜಾಗ ಹುಡುಕುತ್ತ ಹೋಗಿ ವೇವ್‌ಮೇಕರ್‌ಗೆ ಸಿಕ್ಕಿ ಚೂರಾಗುತ್ತದೆ, ಅದರ ಹಿಂದೆ ಇಡೀ ನೀರು ಕೆಡುತ್ತದೆ. ಒಂದು ವರ್ಷ ಕಾಯಿರಿ.

ಆಮೇಲೆ ಬಂಗಾಯ್ ಕಾರ್ಡಿನಲ್ ಒಂದು ಜೋಡಿ. ಇಂಡೊನೇಷ್ಯಾದ ಬಂಗಾಯ್ ದ್ವೀಪಗಳ ಮೀನು. ಗಂಡು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸ ಕೂರುತ್ತದೆ. ಇನ್ನು ರಾಯಲ್ ಗ್ರಾಮಾ ಒಂದು, ಪಾಚಿ ಕೆರೆಯುವ ಬ್ಲೆನ್ನಿ ಒಂದು. ವಾಚ್‌ಮನ್ ಗೋಬಿಯನ್ನು ಪಿಸ್ತೂಲ್ ಸಿಗಡಿಯ ಜೊತೆ ಬಿಡಿ. ಕಣ್ಣು ಮಂದವಿರುವ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು. ಸಿಗಡಿ ಒಂದು ಮೀಸೆಯನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡೇ ಓಡಾಡುತ್ತದೆ. ಟಿವಿ ಬಿಟ್ಟು ನಮ್ಮಮ್ಮ ನೋಡುವುದು ಇದನ್ನೇ. ಟ್ಯಾಂಕ್ ಮೇಲೆ ಬಲೆ ಮುಚ್ಚಳ ಇರಲಿ, ಗೋಬಿ, ರ‍್ಯಾಸ್ ಮೀನುಗಳು ಹಾರಿ ನೆಲಕ್ಕೆ ಬೀಳುತ್ತವೆ.

ಎಲ್ಲರಿಗಿಂತ ಕೊನೆಗೆ ಒಂದು ಟ್ಯಾಂಗ್. ಜಾಗಕ್ಕಾಗಿ ಜಗಳ ಮಾಡುವ ಮೀನು ಮೊದಲೇ ಬಂದರೆ ಇಡೀ ಟ್ಯಾಂಕ್ ತನ್ನದು ಅನ್ನುತ್ತದೆ. ಹಳದಿ ಟ್ಯಾಂಗ್ ಅಥವಾ ಕೋಲೆ ಟ್ಯಾಂಗ್ ಐದಡಿಗೆ ಸರಿ. ಸಿನಿಮಾದಿಂದ ಹೆಸರಾದ ನೀಲಿ ಟ್ಯಾಂಗ್ ಬೇಡ. ಅಂಗಡಿಯಲ್ಲಿ ಹೆಬ್ಬೆರಳಷ್ಟಿರುವುದು 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ.

ಹೀಗೆ ಎಂಟು ಒಂಬತ್ತು ಮೀನು, ಎಂಟು ತಿಂಗಳಲ್ಲಿ. ಅಲ್ಲಿಗೆ ನಿಲ್ಲಿಸಿ. ಅಗ್ಗದ ಡ್ಯಾಮ್ಸೆಲ್ ಮೀನು ಬೇಡ, ಒಂದೇ ಸಾಕು ಎಲ್ಲರನ್ನೂ ಅಟ್ಟಿಸಲು. ಚಿಟ್ಟೆ ಮೀನು ಹವಳ ಕುಕ್ಕುತ್ತದೆ. ಮ್ಯಾಂಡರಿನ್ ಮೀನು ಕಲ್ಲಿನಲ್ಲಿ ಹುಟ್ಟುವ ಸಣ್ಣ ಜೀವಿಗಳನ್ನೇ ತಿಂದು ಬದುಕುವುದು, ಹೊಸ ಟ್ಯಾಂಕಿನಲ್ಲಿ ಹಸಿವಿನಿಂದ ಸಾಯುತ್ತದೆ.

ಹವಳ

ಮೂರು ನಾಲ್ಕು ತಿಂಗಳು ಕಳೆದು, ಲೀಟರ್‌ಗೆ ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ನಡುವೆ ನಿಂತಾಗ ಶುರು ಮಾಡಿ. ಎರಡೂ ಪೂರ್ತಿ ಸೊನ್ನೆಯಾದರೆ ಮೆದು ಹವಳ ಸೊರಗುತ್ತದೆ. ಮೊದಲು ಮಶ್ರೂಮ್, ಕೆಳಗೆ, ನೆರಳಿನಲ್ಲಿ. ಆಮೇಲೆ ಜೋಆಂಥಿಡ್, ನಡುವೆ. ಲೆದರ್ ಮೇಲೆ, ನೀರು ಚೆನ್ನಾಗಿ ಬೀಸುವ ಕಡೆ. ಜೀನಿಯಾವನ್ನು ಒಂಟಿ ಕಲ್ಲಿನ ಮೇಲೆ ದೂರವಿಡಿ. ಹೂವಿನ ಹಾಗೆ ಮುಚ್ಚಿ ತೆರೆಯುವುದು ನೋಡಲು ಚೆಂದ, ಆದರೆ ಗದ್ದೆಗೆ ಬಿದ್ದ ಕಳೆಯ ಹಾಗೆ ಹಬ್ಬುತ್ತದೆ. ಲೆದರ್ ಆಗಾಗ ಮುದುಡಿ ಮೇಣ ಬಳಿದ ಹಾಗಾಗುತ್ತದೆ. ಸತ್ತಿತು ಅಂತ ಎಸೆಯಬೇಡಿ, ಅದು ಪೊರೆ ಬಿಡುತ್ತಿದೆ, ಒಂದು ವಾರ ಕೊಡಿ. ಎರಡು ವೇವ್‌ಮೇಕರ್ ಸೇರಿ ಗಂಟೆಗೆ 6000ರಿಂದ 10000 ಲೀಟರ್ ಅಲೆ ಸಾಕು. ಲೈಟ್ ಅರ್ಧ ಬೆಳಕಿನಿಂದ ಶುರುವಾಗಿ ವಾರ ವಾರ ಏರಲಿ.

ಒಂದು ವಿಷಯ ಮಾತ್ರ ಗಂಭೀರವಾಗಿ ಕೇಳಿ. ಕೆಲವು ಜೋಆಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷವಿದೆ. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕಣ್ಣಿಗೆ ಕನ್ನಡಕ. ಅದು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಕ್ಲೀನ್ ಮಾಡಲು ಹೋಗಲೇಬೇಡಿ. ಹಬೆಯಲ್ಲಿ ವಿಷ ಏರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳು ಹೊರದೇಶಗಳಲ್ಲಿವೆ. ಮಕ್ಕಳಿರುವ ಮನೆಯಾದರೆ ಜೋಆಂಥಿಡ್ ಇಲ್ಲದೆಯೂ ಟ್ಯಾಂಕ್ ಚೆನ್ನಾಗಿರುತ್ತದೆ.

ಲೀಟರ್‌ಗೆ ಕ್ಯಾಲ್ಸಿಯಂ 400ರಿಂದ 450 ಮಿಲಿಗ್ರಾಂ, ಮೆಗ್ನೀಸಿಯಂ 1250ರಿಂದ 1350 ಮಿಲಿಗ್ರಾಂ, ಕ್ಷಾರತೆ ಅದರದೇ ಅಳತೆಯಾದ ಡಿಕೆಎಚ್‌ನಲ್ಲಿ 7ರಿಂದ 9. ಮೆದು ಹವಳದ ಟ್ಯಾಂಕಿನಲ್ಲಿ ವಾರದ ನೀರು ಬದಲಾವಣೆಯೇ ಇದನ್ನು ನೋಡಿಕೊಳ್ಳುತ್ತದೆ.

ಊರಿಗೆ ಹೋಗುವಾಗ

ಮೀನಿಗೆ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಆಹಾರ ಸಾಕು. ಕಷ್ಟ ಇರುವುದು ನಾವಿಲ್ಲದಾಗ. ನಾನು ದಸರಾಕ್ಕೆ ನಾಲ್ಕು ದಿನ ಹೋಗಿದ್ದಾಗ ಅಮ್ಮ "ಪಾಪ, ಹಸಿದಿರುತ್ವೆ" ಅಂತ ತಿಂಗಳ ಡಬ್ಬಿ ಖಾಲಿ ಮಾಡಿದ್ದರು. ವಾಪಸ್ ಬಂದಾಗ ನೀರು ಗಂಜಿ. ಈಗ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಏಳು ಮನೆಯ ಮಾತ್ರೆ ಡಬ್ಬಿಯಲ್ಲಿ ದಿನಕ್ಕೊಂದು ಚಿಟಿಕೆ ಹಾಕಿಟ್ಟು ಹೋಗುತ್ತೇನೆ. ಉಳಿದ ಡಬ್ಬಿ ಬೀರುವಿನಲ್ಲಿ. ಬೀರುವಿನ ಕೀ ನನ್ನ ಜೇಬಿನಲ್ಲಿ.